ಓದಬಾರದಿದ್ದ ಒಂದು ಸಾಲು

ಸ್ನೇಹಳ ಕೆಲಸ ಏನು ಅನ್ನುವುದು ಅವಳ ಅಪ್ಪನಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಕೆ.ಆರ್. ಪೇಟೆ ತಾಲ್ಲೂಕಿನ ಅವರ ಹಳ್ಳಿಯಲ್ಲಿ ಯಾರಾದರೂ ಕೇಳಿದರೆ, "ಲಕ್ವ ಒಡ್ದೋರ್ಗೆ ಕೈಕಾಲು ಆಡ್ಸದ ಏಳ್ಕೊಡ್ತಾಳೆ, ನರ್ಸಮ್ಮನ ತರ ಅನ್ಕಳಿ" ಅಂತ ಹೇಳಿ ಮಹದೇವಸ್ವಾಮಿ ಮಾತು ಮುಗಿಸುತ್ತಾರೆ. ಸ್ನೇಹಳಿಗೆ ಮೊದಮೊದಲು ಸಿಟ್ಟು ಬರುತ್ತಿತ್ತು. ಆಕ್ಯುಪೇಷನಲ್ ಥೆರಪಿ ಅಂದರೆ ಕೈಕಾಲು ಆಡಿಸುವುದಷ್ಟೇ ಅಲ್ಲ, ಕಾಯಿಲೆಯಿಂದ ಬಿದ್ದ ಮನುಷ್ಯ ಮತ್ತೆ ತನ್ನ ದಿನದ ಕೆಲಸ ತಾನು ಮಾಡಿಕೊಳ್ಳುವ ಹಾಗೆ ಮಾಡುವುದು, ಉಣ್ಣುವುದು, ಉಡುವುದು, ದುಡಿಮೆಗೆ ಹೋಗುವುದು ಎಲ್ಲ ಅದರೊಳಗೇ ಬರುತ್ತದೆ ಅಂತ ಅಪ್ಪನಿಗೆ ಎಷ್ಟೋ ಸಲ ವಿವರಿಸಿದ್ದಳು. ಈಗ ವಿವರಿಸುವುದಿಲ್ಲ. ಯಾರಾದರೂ ಅವಳ ಕೆಲಸವನ್ನು ಹೊಗಳಿದರೆ ಮಾತು ಬದಲಿಸುತ್ತಾಳೆ.

ಅವಳು ಓದು ಮುಗಿಸಿ ಸೇರಿದ್ದು ಮೈಸೂರಿನಲ್ಲಿ ಕಚೇರಿ ಇಟ್ಟುಕೊಂಡಿದ್ದ ಒಂದು ಸಣ್ಣ ಸಂಸ್ಥೆಗೆ. ಸೋಮವಾರ ಶ್ರೀರಂಗಪಟ್ಟಣ, ಮಂಗಳವಾರ ಪಾಂಡವಪುರ, ಬುಧವಾರ ಕೆ.ಆರ್. ಪೇಟೆ, ಗುರುವಾರ ನಾಗಮಂಗಲ. ನಾಲ್ಕು ಊರಲ್ಲೂ ಒಂದೊಂದು ಕೊಠಡಿ, ಹತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ಉದ್ದನೆಯ ಮೇಜು. ಶುಕ್ರವಾರ ಕಚೇರಿಯಲ್ಲಿ ಕೂತು ವರದಿ ಬರೆಯಬೇಕು. ಬಸ್ಸಿನಲ್ಲಿ ಓಡಾಡಿಕೊಂಡು ಒಬ್ಬಳೇ ನಾಲ್ಕು ತಾಲ್ಲೂಕು ನೋಡಿಕೊಳ್ಳುತ್ತಿದ್ದಳು. ಆಗ ಅವಳಿಗೆ ಇಪ್ಪತ್ತಾರು ವರ್ಷ.

ಕಾಲೇಜಿನಲ್ಲಿ ಅವಳಿಗೆ ಬಹಳ ಇಷ್ಟವಾಗಿದ್ದ ಪಾಠ ಗುಂಪಿನದು. ಲಕ್ವ ಹೊಡೆದವರನ್ನು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೈ ಎತ್ತಿ, ಕೈ ಇಳಿಸಿ ಅನ್ನುವುದು ಒಂದು ದಾರಿ. ಐದಾರು ಜನರನ್ನು ಒಟ್ಟಿಗೆ ಕೂರಿಸಿ ಕೈಗೊಂದು ಕೆಲಸ ಕೊಡುವುದು ಇನ್ನೊಂದು. ಆ ಗುಂಪು ಐದು ಮೆಟ್ಟಿಲಾಗಿ ಬೆಳೆಯುತ್ತದೆ ಅನ್ನುತ್ತದೆ ಪಾಠ. ಮೊದಲನೆಯದರಲ್ಲಿ ಒಬ್ಬರ ಪಕ್ಕ ಒಬ್ಬರು ಕೂತು ಅವರವರ ಕೆಲಸ ಅವರು ಮಾಡುತ್ತಾರೆ, ಮಾತು ಬೇಕೆಂದೇನಿಲ್ಲ. ಎರಡನೆಯದರಲ್ಲಿ ಚಿಕ್ಕದೊಂದು ಕೆಲಸವನ್ನು ಇಬ್ಬರು ಹಂಚಿಕೊಳ್ಳುತ್ತಾರೆ. ಮೂರನೆಯದರಲ್ಲಿ ಯಾರು ಏನು ಮಾಡಬೇಕೆಂದು ತಾವೇ ತೀರ್ಮಾನಿಸುತ್ತಾರೆ. ನಾಲ್ಕನೆಯದಕ್ಕೆ ಬಂದಾಗ ಒಬ್ಬರ ಮುಂದೆ ಒಬ್ಬರು ಮನಸ್ಸು ಬಿಚ್ಚುತ್ತಾರೆ. ಐದನೆಯದರಲ್ಲಿ ಥೆರಪಿಸ್ಟೇ ಬೇಕಾಗಿಲ್ಲ, ಗುಂಪು ತನ್ನನ್ನು ತಾನೇ ನಡೆಸಿಕೊಳ್ಳುತ್ತದೆ. ಮೆಟ್ಟಿಲು ಹಾರಬೇಡಿ, ಒಂದೊಂದಕ್ಕೂ ತಿಂಗಳುಗಟ್ಟಲೆ ಹಿಡಿಯಬಹುದು ಅಂತ ಪಾಠ ಮಾಡಿದ ಮೇಡಂ ಹೇಳಿದ್ದರು. ಸ್ನೇಹ ಅದನ್ನು ಬರೆದುಕೊಂಡಿದ್ದಳು, ಪರೀಕ್ಷೆಯಲ್ಲೂ ಬರೆದಿದ್ದಳು.

ಶ್ರೀರಂಗಪಟ್ಟಣದ ಗುಂಪಿಗೆ ಆಗ ಒಂದು ತಿಂಗಳು ತುಂಬಿತ್ತು. ಆರು ಜನ ಬರುತ್ತಿದ್ದರು. ಅವರಲ್ಲಿ ಹೆಚ್ಚು ಬಾಯಿ ಇದ್ದವನು ಶಿವಶಂಕರ್, ಮೋಟಾರು ಪಂಪು ರಿಪೇರಿಯವನು. ಕಬ್ಬಿನ ಗಾಣಕ್ಕೆ ಸಿಕ್ಕಿ ಅವನ ಬಲಗೈ ಬೆರಳು ನಜ್ಜುಗುಜ್ಜಾಗಿದ್ದವು. ಶಾಲೆಯಲ್ಲಿ ಜವಾನರಾಗಿದ್ದು ನಿವೃತ್ತರಾದ ಚಲುವಯ್ಯ, ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದ ಮಂಚಮ್ಮ ಇಬ್ಬರಿಗೂ ಲಕ್ವ ಹೊಡೆದಿತ್ತು. ಇವರ ನಡುವೆ ಮಾತಿಲ್ಲದೆ ಕೂತಿರುತ್ತಿದ್ದವರು ಪಾಲಹಳ್ಳಿಯ ಚಿಕ್ಕಸ್ವಾಮಿ.

ಚಿಕ್ಕಸ್ವಾಮಿಗೆ ಐವತ್ತನಾಲ್ಕು. ಸ್ವಲ್ಪ ಗದ್ದೆ ಇತ್ತು, ಆದರೆ ಸುತ್ತಿನ ಊರುಗಳಿಗೆ ಅವರು ಗೊತ್ತಿದ್ದದ್ದು ಅಡುಗೆಯಿಂದ. ಮದುವೆಯಾದ ಮೇಲಿನ ಬೀಗರೂಟ ಎಲ್ಲೇ ಇರಲಿ, ಬಾಡಿನ ಸಾರಿಗೂ ಹಿಟ್ಟಿಗೂ ಚಿಕ್ಕಸ್ವಾಮಿಯೇ ಬರಬೇಕು ಅನ್ನುತ್ತಿದ್ದರು. ಹಿಟ್ಟು ಅಂದರೆ ರಾಗಿ ಮುದ್ದೆ. ಸಾವಿರ ಜನರಿಗೆ ಹಿಟ್ಟು ಕಟ್ಟಿದರೂ ಮೊದಲನೆಯದಕ್ಕೂ ಕೊನೆಯದಕ್ಕೂ ತೂಕದಲ್ಲಿ ವ್ಯತ್ಯಾಸ ಇರುತ್ತಿರಲಿಲ್ಲವಂತೆ. ಒಂದು ಬೆಳಿಗ್ಗೆ ಕೆ.ಆರ್.ಎಸ್. ಹತ್ತಿರದ ಊರೊಂದರಲ್ಲಿ ಮಸಾಲೆ ರುಬ್ಬಿಸುತ್ತಿದ್ದಾಗ ಎಡಗೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದವರು ಮೇಲೇಳಲಿಲ್ಲ. ಆಸ್ಪತ್ರೆಯಿಂದ ಬಂದಾಗ ಎಡಗೈ ಜೋತುಬಿದ್ದಿತ್ತು, ಎಡಗಾಲು ಎಳೆಯುತ್ತಿತ್ತು. ಬಲಗೈ ನೆಟ್ಟಗೇ ಇತ್ತು.

ಗುಂಪಿಗೆ ಸೇರುವಾಗ ಪ್ರತಿಯೊಬ್ಬರಿಗೂ ಒಂದು ಫಾರಂ ತುಂಬಬೇಕು. ಹಲ್ಲುಜ್ಜುವುದರಿಂದ ಹಿಡಿದು ಮಲಗುವವರೆಗೆ ಯಾವ ಕೆಲಸ ಸ್ವಂತ ಮಾಡುತ್ತಾರೆ, ಯಾವುದಕ್ಕೆ ಸಹಾಯ ಬೇಕು ಅಂತ. ಚಿಕ್ಕಸ್ವಾಮಿ ಎಲ್ಲದಕ್ಕೂ "ಮಾಡ್ಕತೀನಿ" ಅಂದರು. ಅವರು ಹೊರಗೆ ಹೋದ ಮೇಲೆ ಹೆಂಡತಿ ಪ್ರಮೀಳಾ ಹಿಂದೆ ಉಳಿದು, ಸೆರಗು ಬಾಯಿಗೆ ಹಿಡಿದು, ನಿಜ ಹೇಳಿದರು. ಪಂಚೆ ಉಡಿಸುವುದು ತಾನು. ಸ್ನಾನ ಮಾಡಿಸುವುದು ತಾನು. ಕಕ್ಕಸಿಗೆ ಹೋದ ಮೇಲೆ ತೊಳೆಯುವುದೂ ತಾನು.

"ಇದ್ನೂ ಬರ್ಕಬೇಕಾ ಮೇಡಮ್ಮಾರೇ?"

"ಬರೀಬೇಕು ಅಕ್ಕ. ಯೋಚನೆ ಮಾಡ್ಬೇಡಿ, ಇದು ನನ್ನ ಹತ್ರನೇ ಇರುತ್ತೆ," ಅಂದಿದ್ದಳು ಸ್ನೇಹ.

ಗುಂಪಿಗೆ ತಿಂಗಳು ತುಂಬಿದ ವಾರ, ಶುಕ್ರವಾರ, ಕಚೇರಿಯಿಂದ ಸೂಚನೆ ಬಂತು. ಮೂರು ತಿಂಗಳ ವರದಿಯಲ್ಲಿ ಪ್ರತಿ ಗುಂಪು ಎಲ್ಲಿಗೆ ಬಂದಿದೆ ಅಂತ ಬರೆಯಬೇಕು, ಫೋಟೋ ಇರಬೇಕು. ಬೇರೆ ತಾಲ್ಲೂಕುಗಳಲ್ಲಿ ಅವಳಿಗಿಂತ ಅನುಭವ ಇದ್ದವರು ಎರಡನೇ ಮೆಟ್ಟಿಲು ಅಂತಲೇ ಬರೆಯುತ್ತಿದ್ದರು. ಸ್ನೇಹಳಿಗೆ ಅವರಿಗಿಂತ ಮುಂದೆ ಹೋಗಬೇಕು ಅನ್ನಿಸಿತು. ಇದನ್ನು ಅವಳು ಯಾರಿಗೂ ಹೇಳಲಿಲ್ಲ, ಆಗ ತನಗೆ ತಾನೂ ಹೇಳಿಕೊಳ್ಳಲಿಲ್ಲ. ಜನ ಮಾತಾಡಿದರೆ ಹಗುರಾಗುತ್ತಾರೆ, ತಮ್ಮಂಥವರೇ ಇನ್ನೂ ಇದ್ದಾರೆ ಅಂತ ಗೊತ್ತಾದರೆ ಧೈರ್ಯ ಬರುತ್ತದೆ, ಪುಸ್ತಕವೇ ಹಾಗನ್ನುತ್ತದಲ್ಲ ಅಂದುಕೊಂಡಳು.

ಸೋಮವಾರ ಹನ್ನೊಂದು ಗಂಟೆಗೆ ಕುರ್ಚಿಗಳನ್ನು ದುಂಡಗೆ ಹಾಕಿಸಿದಳು. ಮಂಚಮ್ಮನ ಮೊಮ್ಮಗಳ ಕೈಗೆ ಮೊಬೈಲ್ ಕೊಟ್ಟು ಮೊದಲೇ ಫೋಟೋ ತೆಗೆಸಿಕೊಂಡಳು. ಆಮೇಲೆ ತೊಡೆಯ ಮೇಲೆ ಫೈಲು ಇಟ್ಟುಕೊಂಡು ಕೇಳಿದಳು.

"ಇವತ್ತು ಕೈಗೆ ಕೆಲಸ ಇಲ್ಲ, ಮಾತು ಮಾತ್ರ. ಮನೇಲಿ ಯಾವ ಕೆಲಸಕ್ಕೆ ಇನ್ನೊಬ್ಬರ ಕೈ ಬೇಕಾಗುತ್ತೆ, ಒಬ್ಬೊಬ್ಬರಾಗಿ ಹೇಳಿ ನೋಡೋಣ."

ಮಂಚಮ್ಮ ನಕ್ಕು, ಜಡೆ ಹೆಣೆದುಕೊಳ್ಳೋಕೆ ಆಗುವುದಿಲ್ಲ, ಸೊಸೆ ಹೆಣೆದರೆ ತಲೆ ಕಿತ್ತುಬರುವ ಹಾಗೆ ಎಳೆಯುತ್ತಾಳೆ ಅಂದಳು. ಚಲುವಯ್ಯ ಅಂಗಿಯ ಗುಂಡಿ ಅಂದರು. ಶಿವಶಂಕರ್, "ಬೈಕ್ ಓಡ್ಸಕಾಗದಿಲ್ಲ ಮೇಡಂ, ಎಂಡ್ರ ಸ್ಕೂಟಿ ಇಂದೆ ಕುಂತ್ಕಂಡು ಓಗ್ಬೇಕು, ಮಾನ ಓಯ್ತದೆ" ಅಂದ. ಎಲ್ಲರೂ ನಕ್ಕರು. ಸ್ನೇಹಳಿಗೆ ಗುಂಪು ತಾನಂದುಕೊಂಡ ಕಡೆಗೇ ಸಾಗುತ್ತಿದೆ ಅನ್ನಿಸಿತು.

"ಚಿಕ್ಕಸ್ವಾಮಣ್ಣ, ನೀವು?"

"ನಂದೇನಿಲ್ಲ ಬುಡವ್ವ. ಎಲ್ಲಾ ನಾನೇ ಮಾಡ್ಕತೀನಿ."

ಅಲ್ಲಿಗೇ ಬಿಟ್ಟು ಪಕ್ಕದವರನ್ನು ಕೇಳಬಹುದಿತ್ತು. ಅವಳು ಬಿಡಲಿಲ್ಲ. ಕಷ್ಟ ಇದ್ದವರು ಇಲ್ಲ ಅನ್ನುತ್ತಾರೆ, ಆ ಇಲ್ಲ ಅನ್ನುವುದನ್ನು ದಾಟಿಸಬೇಕು ಅಂತ ಎಲ್ಲೋ ಓದಿದ್ದಳು. ಮುಖದಲ್ಲಿ ನಗು ಇಟ್ಟುಕೊಂಡೇ ಫೈಲು ತೆರೆದಳು.

"ಇಲ್ಲಿ ಯಾರೂ ಹೊರಗಿನವರಲ್ಲ ಅಣ್ಣ. ನಿಮ್ಮ ಫಾರಂನಲ್ಲಿದೆ ನೋಡಿ. ಪಂಚೆ ಉಡೋಕೆ ಸಹಾಯ ಬೇಕು, ಸ್ನಾನಕ್ಕೆ ಬೇಕು, ಕಕ್ಕಸಿಗೆ ಹೋದ್ಮೇಲೆ ತೊಳೆಯೋದು ಪತ್ನಿ. ಇದರಲ್ಲಿ ನಾಚಿಕೆ ಪಡೋಂಥದ್ದು ಏನೂ ಇಲ್ಲ."

ಯಾರೂ ನಗಲಿಲ್ಲ. ನಕ್ಕಿದ್ದರೂ ಆಗುತ್ತಿತ್ತು ಅಂತ ಸ್ನೇಹಳಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿದೆ. ಮಂಚಮ್ಮ ತಲೆ ತಗ್ಗಿಸಿ ಸೆರಗಿನ ಅಂಚು ತಿರುವತೊಡಗಿದಳು. ಶಿವಶಂಕರ್ ಕಿಟಕಿ ಕಡೆ ತಿರುಗಿದ. ಅವನ ಮದುವೆಯ ಬೀಗರೂಟಕ್ಕೆ ಅಡುಗೆ ಮಾಡಿದ್ದವರು ಇದೇ ಚಿಕ್ಕಸ್ವಾಮಿ. ಚಲುವಯ್ಯ ಮಾತ್ರ, "ಈ ಫ್ಯಾನು ಯಾಕೋ ಜೋರಾಗಿ ತಿರ್ಗಾಕಿಲ್ಲ" ಅಂತ ಯಾರಿಗೂ ಅಲ್ಲದ ಹಾಗೆ ಹೇಳಿದರು.

ಚಿಕ್ಕಸ್ವಾಮಿ ಕೋಲು ಊರಿ ಎದ್ದರು. ಬಾಗಿಲ ಹತ್ತಿರ ಬಲಗಾಲಿಗೆ ಚಪ್ಪಲಿ ಮೆಟ್ಟಿದರು. ಎಡಗಾಲು ಚಪ್ಪಲಿಯೊಳಕ್ಕೆ ಹೋಗಲಿಲ್ಲ. ಎರಡು ಸಲ, ಮೂರು ಸಲ ತಳ್ಳಿದರು. ದಿನಾ ಯಾರಾದರೂ ಬಗ್ಗಿ ಸರಿ ಮಾಡುತ್ತಿದ್ದರು. ಆ ದಿನ ಹತ್ತಿರ ಹೋಗುವುದಕ್ಕೂ ಎಲ್ಲರಿಗೂ ಹೆದರಿಕೆ. ಕೊನೆಗೆ ಅವರು ಆ ಚಪ್ಪಲಿ ಅಲ್ಲೇ ಬಿಟ್ಟು, ಒಂದು ಕಾಲಿನಲ್ಲಿ ಚಪ್ಪಲಿ ಇನ್ನೊಂದು ಬರಿಗಾಲು ಮಾಡಿಕೊಂಡು, ಬಿಸಿಲಿನಲ್ಲಿ ಬಸ್ ಸ್ಟ್ಯಾಂಡಿನ ಕಡೆ ಹೊರಟುಹೋದರು.

ಸ್ನೇಹ ಅವರ ಹಿಂದೆ ಓಡಲಿಲ್ಲ. ಗುಂಪಿನ ಸಮಯ ಇನ್ನೂ ಅರ್ಧ ಗಂಟೆ ಇತ್ತು, ಮುಗಿಸಿದಳು. ಶುಕ್ರವಾರ ವರದಿಯಲ್ಲಿ 'ಶ್ರೀರಂಗಪಟ್ಟಣದ ಗುಂಪು ನಾಲ್ಕನೇ ಮೆಟ್ಟಿಲು ತಲುಪಿದೆ, ಸದಸ್ಯರು ವೈಯಕ್ತಿಕ ಕಷ್ಟಗಳನ್ನು ಮುಕ್ತವಾಗಿ ಹಂಚಿಕೊಳ್ಳುತ್ತಿದ್ದಾರೆ' ಅಂತ ಬರೆದಳು. ಫೋಟೋ ಲಗತ್ತಿಸಿದಳು. ಫೋಟೋದಲ್ಲಿ ಚಿಕ್ಕಸ್ವಾಮಿ ಇದ್ದರು. ಬಹಳ ಚೆನ್ನಾಗಿದೆ, ಉಳಿದವರೂ ಹೀಗೆ ಬರೆಯಲಿ ಅಂತ ಕಚೇರಿಯಿಂದ ಉತ್ತರ ಬಂತು. ಎರಡು ಸೋಮವಾರ ಚಿಕ್ಕಸ್ವಾಮಿ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ 'ಆಸಕ್ತಿ ಇಲ್ಲ' ಅಂತ ಬರೆದಳು. ಮೇಜಿನ ಕೆಳಗೆ ಆ ಒಂಟಿ ಚಪ್ಪಲಿ ಇತ್ತು. ಅದನ್ನು ಒಂದು ಕವರಿಗೆ ಹಾಕಿ ಕಣ್ಣಿಗೆ ಬೀಳದ ಹಾಗೆ ಬೀರುವಿನೊಳಗೆ ಇಟ್ಟಳು.

ಮೂರನೇ ಸೋಮವಾರ ಪ್ರಮೀಳಾ ಒಬ್ಬರೇ ಬಂದರು. ಗುಂಪು ಮುಗಿಯುವವರೆಗೆ ಹೊರಗೆ ಜಗಲಿಯ ಮೇಲೆ ಕೂತಿದ್ದರು. ಬೈಯುತ್ತಾರೆ ಅಂದುಕೊಂಡಳು ಸ್ನೇಹ. ಅವರು ಬೈಯಲಿಲ್ಲ.

"ತಪ್ಪು ನಂದೇ ಕಣವ್ವ. ನಾನು ಏಳ್ಬಾರ್ದಿತ್ತು. ಗಂಡನ್ ಇಸ್ಯ ಎಲ್ಲಾದ್ರೂ ಬಾಯ್ಬುಡ್ತಾರಾ," ಅಂದರು. "ಈಗ ನನ್ ಕುಟೆ ಮಾತಾಡಾಕಿಲ್ಲ. ಅತ್ರುಕ್ಕೂ ಬುಡಾಕಿಲ್ಲ. ಅದಾದ್ರೂ ಪರ್ವಾಗಿಲ್ಲ, ಉಣ್ಣಾಕಿಲ್ವಲ್ಲ. ಬೆಳಿಗ್ಗೆ ಒಂದ್ಲೋಟ ಗಂಜಿ, ಸಾಯಂಕಾಲ ಅರ್ಧ. ಯಾಕಿಂಗೆ ಮಾಡ್ತೀಯೆ ಅಂದ್ರೆ, ತಿಂದ್ರಲ್ವಾ ಕಕ್ಕಸಿಗೋಗ್ಬೇಕು ಅಂತ ಗೋಡೆಗೆ ಏಳ್ತಾರೆ, ನಂಗಲ್ಲ."

ಸ್ನೇಹ ಲೆಕ್ಕ ಹಾಕಿದಳು. ತಾನು ಓದಿದ ಒಂದು ಸಾಲಿಗೆ ಒಬ್ಬ ಮನುಷ್ಯ ಮೂರು ವಾರದಿಂದ ಹೊಟ್ಟೆಗೆ ಹಾಕಿಕೊಳ್ಳದೆ ಕೂತಿದ್ದಾನೆ.

"ನಿಮ್ಮದಲ್ಲ ಅಕ್ಕ ತಪ್ಪು. ನನ್ನ ಹತ್ರನೇ ಇರುತ್ತೆ ಅಂತ ಹೇಳಿದ್ದು ನಾನು."

"ಅಂಗನ್ಬ್ಯಾಡಿ. ನೀವು ಓದ್ದೋರು, ಒಳ್ಳೇದುಕ್ಕೇ ಮಾಡಿರ್ತೀರ," ಅಂದರು ಪ್ರಮೀಳಾ. ಆ ಮಾತು ಬೈಗುಳಕ್ಕಿಂತ ಕೆಟ್ಟದಾಗಿ ತಾಗಿತು.

ಅಂದು ಸಂಜೆ ಅವಳು ಅರ್ಪಿತ ಅವರಿಗೆ ಫೋನ್ ಮಾಡಿದಳು. ಅರ್ಪಿತ ಹದಿನೈದು ವರ್ಷದಿಂದ ಇದೇ ಕೆಲಸದಲ್ಲಿದ್ದವರು, ಸಂಸ್ಥೆಯ ಎಲ್ಲ ಥೆರಪಿಸ್ಟ್‌ಗಳಿಗೂ ಹಿರಿಯರು. ನಡೆದದ್ದನ್ನೆಲ್ಲ ಹೇಳಿದಳು, ವರದಿಯಲ್ಲಿ ಸುಳ್ಳು ಬರೆದದ್ದನ್ನೂ.

"ಅವರ ಬಲಗೈ ಹೇಗಿದೆ?" ಅಂತ ಕೇಳಿದರು ಅರ್ಪಿತ.

"ಚೆನ್ನಾಗಿದೆ ಮೇಡಂ. ಪೂರ್ತಿ ಸ್ವಾಧೀನ ಇದೆ."

"ಕೂತರೆ ವಾಲುತ್ತಾರಾ?"

"ಇಲ್ಲ."

"ಮತ್ತೆ ಹೆಂಡತಿ ಯಾಕೆ ತೊಳೀಬೇಕು?"

ಸ್ನೇಹ ಅವರ ಫಾರಂ ತೆಗೆದು ನೋಡಿದಳು. ಒಬ್ಬ ಮನುಷ್ಯನಿಗೆ ಏನು ಮಾಡಲು ಶಕ್ತಿ ಇದೆ ಅಂತ ನೋಡುವ ಮುಂಚೆ ಅವನ ಮನಸ್ಸಿಗೆ ಯಾವುದು ಮುಖ್ಯ, ಅವನ ರೂಢಿ ಏನು, ಸುತ್ತಲಿನ ಮನೆ ಮಠ ಹೇಗಿದೆ ಅಂತ ಕೇಳಬೇಕು. ಆ ಸಿದ್ಧಾಂತವನ್ನು ಅವಳು ಚಿತ್ರ ಬರೆದು ಬಾಣ ಹಾಕಿ ಕಲಿತಿದ್ದಳು. ಚಿಕ್ಕಸ್ವಾಮಿಯ ಫಾರಂನಲ್ಲಿ ಶಕ್ತಿಯ ಕಾಲಂ ಮಾತ್ರ ತುಂಬಿತ್ತು. ಉಳಿದವು ಖಾಲಿ.

"ಹೋಗಿ ಕೇಳು. ಕ್ಷಮಿಸಿ ಅಂತ ಹೇಳೋಕೆ ಹೋಗಬೇಡ, ಕೇಳೋಕೆ ಹೋಗು," ಅಂದು ಅರ್ಪಿತ ಫೋನ್ ಇಟ್ಟರು.

ಮರುವಾರ ಸ್ನೇಹ ರಜೆ ಹಾಕಿ ಪಾಲಹಳ್ಳಿಗೆ ಹೋದಳು. ಮನೆ ಮುಂದೆ ನಿಂತಾಗ ಒಳಗೆ ರೇಡಿಯೋ ಹಾಡುತ್ತಿತ್ತು. ಅವಳ ದನಿ ಕೇಳಿದ ಕೂಡಲೇ ನಿಂತಿತು. ಚಿಕ್ಕಸ್ವಾಮಿ ಹಿಂದಿನ ಬಾಗಿಲಿನಿಂದ ಕೊಟ್ಟಿಗೆಗೆ ಹೋಗಿ ಕೂತರು. ಪ್ರಮೀಳಾ ಕರೆದರೂ ಬರಲಿಲ್ಲ. ಸ್ನೇಹ ಒಂದು ಗಂಟೆ ಪಡಸಾಲೆಯಲ್ಲಿ ಕೂತು, ಕವರಿನಲ್ಲಿ ತಂದಿದ್ದ ಚಪ್ಪಲಿಯನ್ನು ಇನ್ನೊಂದರ ಪಕ್ಕ ಇಟ್ಟು, ಬಸ್ ಹತ್ತಿದಳು. ಬಸ್ಸಿನಲ್ಲಿ ಪಕ್ಕದಲ್ಲಿದ್ದ ಹೆಂಗಸು ಯಾವ ಊರು, ಏನು ಕೆಲಸ ಅಂತ ಕೇಳಿದಳು. ಟೈಲರಿಂಗ್ ಕಲಿಯುತ್ತಿದ್ದೇನೆ ಅಂದುಬಿಟ್ಟಳು ಸ್ನೇಹ.

ಎರಡನೇ ಸಲ ಹೋದಾಗ ಅವರು ಎದ್ದುಹೋಗಲಿಲ್ಲ. ಕೊಟ್ಟಿಗೆಯಲ್ಲಿ ಕಲ್ಲಿನ ಮೇಲೆ ಕೂತಿದ್ದರು. ಮುಖ ಇಳಿದುಹೋಗಿತ್ತು, ಕೊರಳ ಮೂಳೆ ಕಾಣುತ್ತಿತ್ತು. ಹಸು ಮೇವು ಜಗಿಯುತ್ತಿತ್ತು. ಸ್ನೇಹ ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕೂತಳು.

"ಒಂದು ಮಾತು ಕೇಳ್ತೀನಿ ಅಣ್ಣ. ಉತ್ತರ ಕೊಡಬೇಕು ಅಂತಿಲ್ಲ," ಅಂದಳು. "ನಿಮ್ಮ ಬಲಗೈ ಚೆನ್ನಾಗಿದೆ. ನೀವೇ ತೊಳ್ಕೊಳ್ಳೋಕೆ ಆಗುತ್ತೆ. ಆದ್ರೂ ಆಗಲ್ಲ ಅಂದ್ರೆ ಏನೋ ಕಾರಣ ಇರ್ಬೇಕು. ನಾನು ಅದನ್ನ ಮೊದಲೇ ಕೇಳ್ಬೇಕಿತ್ತು, ಕೇಳ್ಲಿಲ್ಲ."

ಚಿಕ್ಕಸ್ವಾಮಿ ತಮ್ಮ ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ನೋಡಿದರು. ಬೆಂಕಿ ಹತ್ತಿರ ಮೂವತ್ತು ವರ್ಷ ಇದ್ದ ಕೈ. ಬೆರಳ ತುದಿಯೆಲ್ಲ ಕಪ್ಪಗೆ ಗಟ್ಟಿಯಾಗಿತ್ತು.

"ಎಡಗೈ ಇದ್ದಿದ್ರೆ ತೊಳ್ಕತಿದ್ದೆ," ಅಂದರು. "ಅದು ಸತ್ತೋಯ್ತು. ಇರೋದು ಇದೊಂದೇ. ಇದ್ರಲ್ಲಿ ಸಾವ್ರಾರು ಜನುಕ್ಕೆ ಇಟ್ಟು ಕಟ್ ಆಕಿವ್ನಿ ಕಣವ್ವ. ಇದೇ ಕೈಲಿ ಅದ ಮಾಡಿ, ಮತ್ತೆ ಇದೇ ಕೈಲಿ ನಾನು ಅನ್ನ ಮುಟ್ಟದೆಂಗೆ? ನಾಳೀಕೆ ಯಾರಾದ್ರೂ ಅಡ್ಗೆಗೆ ಕರುದ್ರೆ ಓಗದೆಂಗೆ? ಅವ್ಳು ಬ್ಯಾಸರ ಮಾಡ್ಕಳ್ದೆ ಮಾಡ್ತಿದ್ಲು. ಅದ್ನ ಗೋಡೆಯೊಳ್ಗೆ ಇಟ್ಕಂಡಿದ್ದೊ. ನೀನು ಬೀದಿಗೆ ತಂದ್ಬುಟ್ಟೆ."

ಸ್ನೇಹ ತಲೆ ಎತ್ತಲಿಲ್ಲ. ಹಿಂದೊಮ್ಮೆ ಹಸಿವು ಬಾಯಾರಿಕೆ ಬಿಟ್ಟು ಓದಿ ಬರೆದ ಉತ್ತರ ಪತ್ರಿಕೆಗಳೆಲ್ಲ ಅವಳ ಕಣ್ಣ ಮುಂದೆ ಬಂದವು. ಅವುಗಳಲ್ಲಿ ಎಲ್ಲೂ ಈ ಕೈ ಇರಲಿಲ್ಲ. ಆದರೆ ಕೇಳುವುದು ಹೇಗೆ ಅನ್ನುವುದು ಇತ್ತು. ತಾನು ಅದನ್ನೇ ಬಿಟ್ಟಿದ್ದಳು.

"ಕೈ ತಾಗಿಸದೇನೇ ಆಗೋ ಹಾಗೆ ಮಾಡಬಹುದು ಅಣ್ಣ. ಕಕ್ಕಸನ್ನ ಒಂದ್ಸಲ ನೋಡ್ಲಾ?"

ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅವಳು ಹೋಗಿ ನೋಡಿದಳು. ಹಿತ್ತಿಲಲ್ಲಿ ಕಟ್ಟಿದ್ದ ಚಿಕ್ಕ ಕೋಣೆ, ಕೂರುವ ಗುಂಡಿ, ಮೂಲೆಯಲ್ಲಿ ಬಕೆಟ್ಟು, ಚೊಂಬು. ನೀರಿನ ನಲ್ಲಿ ಎಡಗಡೆ ಇತ್ತು. ಅವಳು ಟೇಪು ಹಿಡಿದು ಅಳತೆ ತೆಗೆದುಕೊಂಡಳು.

ಆ ಶನಿವಾರ ಕಿಶನ್ ಅನ್ನುವ ಪ್ಲಂಬರನ್ನು ಕರೆದುಕೊಂಡು ಬಂದಳು. ಯಾರ ಮನೆ, ಯಾಕೆ ಅಂತ ಅವನಿಗೆ ಹೇಳಲಿಲ್ಲ. ಅವನು ನಲ್ಲಿಯನ್ನು ಬಲಗಡೆಗೆ ತಂದು, ಅದಕ್ಕೆ ಉದ್ದನೆಯ ಪೈಪು ಜೋಡಿಸಿ, ತುದಿಗೆ ಹೆಬ್ಬೆರಳಲ್ಲಿ ಒತ್ತಿದರೆ ನೀರು ಜೋರಾಗಿ ಚಿಮ್ಮುವ ಪುಟ್ಟ ಶವರು ಹಾಕಿದ. ಗುಂಡಿಯ ಮೇಲೆ ಕೂರಲು ನಡುವೆ ತೂತಿರುವ ಕುರ್ಚಿ, ಗೋಡೆಗೆ ಹಿಡಿದುಕೊಂಡು ಏಳುವುದಕ್ಕೆ ಒಂದು ಕಬ್ಬಿಣದ ಸರಳು. ಸ್ನೇಹ ಚಿಕ್ಕಸ್ವಾಮಿಯನ್ನು ಅಲ್ಲಿಗೆ ಕರೆದು, ಬಟ್ಟೆ ಮೇಲೆಯೇ ಕುರ್ಚಿಯಲ್ಲಿ ತಾನು ಕೂತು, ಪೈಪು ಹೇಗೆ ಹಿಡಿಯಬೇಕು, ಯಾವ ಕಡೆ ವಾಲಬೇಕು ಅಂತ ತೋರಿಸಿದಳು.

"ಕೈ ತಾಗಾಕಿಲ್ವಾ?" ಅಂತ ಕೇಳಿದರು.

"ತಾಗಲ್ಲ ಅಣ್ಣ. ನೀರು ಮಾತ್ರ."

"ಸರಿ. ಎಲ್ರೂ ಆ ಕಡೀಕೋಗಿ."

ಪ್ರಮೀಳಾ, ಸ್ನೇಹ, ಕಿಶನ್ ಮೂವರೂ ಮನೆ ಮುಂದಕ್ಕೆ ಬಂದು ಕೂತರು. ಇಪ್ಪತ್ತು ನಿಮಿಷ ಆಗಿರಬಹುದು. ಹಿತ್ತಿಲಿನಿಂದ ನೀರಿನ ಸದ್ದು, ಕುರ್ಚಿ ಜರುಗಿದ ಸದ್ದು, ಮತ್ತೆ ನೀರಿನ ಸದ್ದು. ಪ್ರಮೀಳಾ ಎರಡು ಸಲ ಹೋಗಲು ಎದ್ದರು, ಎರಡು ಸಲವೂ ತಾವೇ ಕೂತರು. ಚಿಕ್ಕಸ್ವಾಮಿ ಪಂಚೆಯನ್ನು ಹೇಗೋ ಸುತ್ತಿಕೊಂಡು ಹೊರಗೆ ಬಂದರು. ತೊಟ್ಟಿ ಹತ್ತಿರ ನಿಂತು ಬಲಗೈಯನ್ನು ಸೋಪಿನಲ್ಲಿ ಮೂರು ಸಲ ಉಜ್ಜಿದರು. ಉಜ್ಜುವುದಕ್ಕೆ ಇನ್ನೊಂದು ಕೈ ಇಲ್ಲದ್ದರಿಂದ ಕಲ್ಲಿಗೆ ಉಜ್ಜಿದರು. ಆಮೇಲೆ ಮನೆ ಮುಂದಕ್ಕೆ ಬಂದು, ಹೆಂಡತಿಯ ಮುಖ ನೋಡದೆ, "ಇಟ್ಟೈತಾ?" ಅಂತ ಕೇಳಿದರು.

ಒಂದೂವರೆ ತಿಂಗಳಾದ ಮೇಲೆ ಹೆಂಡತಿಯೊಂದಿಗೆ ಆಡಿದ ಮೊದಲ ಮಾತು ಅದು. ಪ್ರಮೀಳಾ ಒಲೆ ಹಚ್ಚಲು ಓಡಿದರು.

ಹೊರಡುವ ಮುಂಚೆ ಸ್ನೇಹ ಧೈರ್ಯ ಮಾಡಿ ಹೇಳಿದಳು. ಬರುವ ಸೋಮವಾರ ಗುಂಪಿನ ಎಲ್ಲರ ಮುಂದೆ ತಾನು ತಪ್ಪೊಪ್ಪಿಕೊಂಡು ಕ್ಷಮೆ ಕೇಳುತ್ತೇನೆ, ಅವರೂ ಬರಬೇಕು ಅಂತ. ಚಿಕ್ಕಸ್ವಾಮಿ ತಲೆ ಅಲ್ಲಾಡಿಸಿದರು.

"ಬ್ಯಾಡ. ಅವ್ರ ಮುಂದೆ ಕೇಳುದ್ರೆ ನಿಂಗೆ ಅಗುರಾಯ್ತದೆ. ನಂಗೆ ಅದೇ ಇನ್ನೊಂದ್ ದಪ ಆಯ್ತದೆ. ಈಗ ಅವ್ರು ಮರ್ತಂಗೆ ಇದ್ದಾರು, ಅಂಗೇ ಇರ್ಲಿ."

"ಹಾಗಾದ್ರೆ ನಿಮ್ಮ ಹತ್ರ ಮಾತ್ರ..."

"ನನ್ತಾವೂ ಬ್ಯಾಡ," ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಇಟ್ಕೊ ಅದ ನಿನ್ತಾವೇ."

ಅವಳು ಇಟ್ಟುಕೊಂಡಳು.

ಕಚೇರಿಗೆ ಮಾತ್ರ ಬರೆದು ಕೊಟ್ಟಳು. ನಾಲ್ಕನೇ ಮೆಟ್ಟಿಲು ಅಂದದ್ದು ಸುಳ್ಳು, ಗುಂಪು ಮೊದಲನೆಯದರಲ್ಲೇ ಇದೆ, ಗುಟ್ಟಾಗಿ ಇಟ್ಟುಕೊಳ್ಳುತ್ತೇನೆ ಅಂದ ವಿಷಯವನ್ನು ತಾನೇ ಗುಂಪಿನಲ್ಲಿ ಓದಿದೆ, ಅದರಿಂದ ಒಬ್ಬರು ಬರುವುದು ನಿಲ್ಲಿಸಿದರು, ಆಸಕ್ತಿ ಇಲ್ಲ ಅಂತ ಬರೆದದ್ದೂ ಸುಳ್ಳು. ಚಿಕ್ಕಸ್ವಾಮಿಯ ಹೆಸರನ್ನಾಗಲಿ ವಿಷಯವನ್ನಾಗಲಿ ಬರೆಯಲಿಲ್ಲ. ಕಚೇರಿಯವರು ಕರೆದು ಒಂದು ಗಂಟೆ ಮಾತಾಡಿದರು. ಆರು ತಿಂಗಳು ಅವಳು ಸ್ವತಂತ್ರವಾಗಿ ಗುಂಪು ನಡೆಸುವಂತಿಲ್ಲ, ಅರ್ಪಿತ ಇದ್ದಾಗ ಮಾತ್ರ ಅಂತ ಆಯಿತು. ಅವಳ ಜೊತೆಗೆ ಸೇರಿದ್ದವರೆಲ್ಲ ಇದ್ದ ಸಭೆಯಲ್ಲಿ ಅದನ್ನು ಓದಿದರು. ಸ್ನೇಹ ಗೋಡೆ ನೋಡುತ್ತ ಕೂತಿದ್ದಳು. ಒಬ್ಬರ ವಿಷಯ ನಾಲ್ಕು ಜನರ ಮುಂದೆ ಓದಿದರೆ ಮೈ ಎಲ್ಲೆಲ್ಲಿ ಮುದುಡುತ್ತದೆ ಅನ್ನುವುದು ಆಗ ಅವಳಿಗೆ ಸ್ವಲ್ಪ ತಿಳಿಯಿತು. ಸ್ವಲ್ಪ ಮಾತ್ರ ಅಂತಲೂ ತಿಳಿಯಿತು.

ಅರ್ಪಿತ ಬಂದ ಮೇಲೆ ಶ್ರೀರಂಗಪಟ್ಟಣದ ಗುಂಪು ಮತ್ತೆ ಮೊದಲಿನಿಂದ ಶುರುವಾಯಿತು. ಅದು ಅವರೆಕಾಯಿಯ ಕಾಲ. ಅರ್ಪಿತ ಎರಡು ಕೆ.ಜಿ. ಕಾಯಿ ತಂದು ಒಬ್ಬೊಬ್ಬರ ಮುಂದೆ ಒಂದೊಂದು ತಟ್ಟೆ ಇಟ್ಟರು. ಬಿಡಿಸುವುದು, ಅಷ್ಟೇ. ಯಾರನ್ನೂ ಏನೂ ಕೇಳಲಿಲ್ಲ. ಇಡೀ ಗಂಟೆ ಸಿಪ್ಪೆ ಬಿರಿಯುವ ಸದ್ದು. ಮುಂದಿನ ವಾರ ನೆನೆಸಿದ ಕಾಳು ತಂದು ಇಬ್ಬಿಬ್ಬರಿಗೆ ಒಂದು ಪಾತ್ರೆ ಕೊಟ್ಟರು. ಕಾಳನ್ನು ಎರಡು ಬೆರಳಲ್ಲಿ ಹಿಡಿದು ಹಿಸುಕಿದರೆ ಬೇಳೆ ಚಿಮ್ಮಿ ಬೀಳುತ್ತದೆ. ಲಕ್ವದ ಬೆರಳಿಗೆ ಅದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ಮಂಚಮ್ಮ ಹಿಸುಕಿದ ಕಾಳು ಹಾರಿ ಚಲುವಯ್ಯನವರ ಕನ್ನಡಕಕ್ಕೆ ಬಡಿಯಿತು. ಸ್ನೇಹ ಮೂಲೆಯಲ್ಲಿ ಕೂತು, ಹೇಳಿದ್ದನ್ನಷ್ಟೇ ಮಾಡುತ್ತಿದ್ದಳು.

ಆ ಬೇಳೆಯನ್ನು ಏನು ಮಾಡುವುದು ಅಂತ ಶಿವಶಂಕರ್ ಕೇಳಿದ. ಸಾರು ಮಾಡಿ ಉಣ್ಣೋಣ, ಹೇಗೂ ಗ್ಯಾಸ್ ಒಲೆ ಇದೆ ಅಂತ ಚಲುವಯ್ಯ ಅಂದರು. ಯಾರು ಮಾಡುತ್ತಾರೆ ಅಂದಾಗ ಎಲ್ಲರ ಬಾಯಲ್ಲೂ ಒಂದೇ ಹೆಸರು ಇತ್ತು, ಯಾರೂ ಹೇಳಲಿಲ್ಲ. ಆ ಸಂಜೆ ಶಿವಶಂಕರ್ ಹೆಂಡತಿಯ ಸ್ಕೂಟಿ ಹಿಂದೆ ಕೂತು ಪಾಲಹಳ್ಳಿಗೆ ಹೋದನಂತೆ. ಅಲ್ಲಿ ಏನು ಮಾತಾಡಿದ ಅಂತ ಸ್ನೇಹಳಿಗೆ ಗೊತ್ತಿಲ್ಲ, ಅವಳು ಕೇಳಲಿಲ್ಲ. ಮುಂದಿನ ಸೋಮವಾರ ಚಿಕ್ಕಸ್ವಾಮಿ ಬಂದರು. ಬಾಗಿಲಲ್ಲಿ ನಿಂತಾಗ ಯಾರೂ ವಿಶೇಷವಾಗಿ ಕರೆಯಲಿಲ್ಲ. ಮಂಚಮ್ಮ ತನ್ನ ಪಕ್ಕದ ಕುರ್ಚಿಯ ಮೇಲಿದ್ದ ಚೀಲ ತೆಗೆದಳು.

"ಮಸಾಲೆ ಇಷ್ಟೊತ್ತುಕ್ಕೇ ರುಬ್ಬುದ್ರೆ ಕಮ್ಟಾಯ್ತದೆ. ಮೊದ್ಲು ಬೇಳೆ ಬೇಯ್ಲಿ," ಅಂದರು ಅವರು. ಅಲ್ಲಿಂದ ಮಾತು ಅಡುಗೆಯದಾಯಿತು.

ಹಿಟ್ಟು ಮಾಡುವಾಗ ಕಷ್ಟವಾಯಿತು. ಕುದಿಯುವ ನೀರಿಗೆ ರಾಗಿ ಹಿಟ್ಟು ಬಿಟ್ಟು ಕೋಲಿನಲ್ಲಿ ತಿರುವಲು ಎರಡು ಕೈ ಬೇಕು. ಚಿಕ್ಕಸ್ವಾಮಿ ಬಲಗೈಯಲ್ಲಿ ಕೋಲು ಹಿಡಿದರು, ಸಾಲಲಿಲ್ಲ. ಶಿವಶಂಕರ್ ಎದುರು ಕೂತು ತನ್ನ ಎಡಗೈಯನ್ನು ಅದೇ ಕೋಲಿಗೆ ಹಾಕಿದ. ಪಾತ್ರೆ ಜಾರದ ಹಾಗೆ ಚಲುವಯ್ಯ ಬಟ್ಟೆ ಸುತ್ತಿ ಹಿಡಿದರು. ಮೊದಲ ಸಲ ಗಂಟು ಗಂಟಾಯಿತು. "ನೀನು ಪಂಪ್ ಮೋಟ್ರು ತಿರುಗ್ಸಿದಂಗೆ ತಿರುಗುಸ್ತೀಯಲ್ಲ, ನಿಧಾನ ಕಣ್ಲಾ," ಅಂತ ಚಿಕ್ಕಸ್ವಾಮಿ ಶಿವಶಂಕರನಿಗೆ ಬೈದರು. ಗಂಟು ಹಿಟ್ಟನ್ನೇ ಎಲ್ಲರೂ ತಿಂದರು. ಮರುವಾರ ಸರಿಹೋಯಿತು. ಅವರು ಒಂದೇ ಕೈಯಲ್ಲಿ, ಒದ್ದೆ ತಟ್ಟೆಯ ಮೇಲೆ ಹೊರಳಿಸಿ ಮುದ್ದೆ ಕಟ್ಟಿ, ಒಬ್ಬೊಬ್ಬರ ತಟ್ಟೆಗೂ ಹಾಕಿದರು. ಸ್ನೇಹಳ ತಟ್ಟೆಗೂ ಹಾಕಿದರು. ಅವಳು ಆ ಮುದ್ದೆಯನ್ನು ಪೂರ್ತಿ ನುಂಗಿದಳು.

ಇದೆಲ್ಲ ನೋಡಿ ಕಚೇರಿಯವರು, ಈ ಅಡುಗೆ ಗುಂಪಿನ ಬಗ್ಗೆ ಒಂದು ಯಶಸ್ಸಿನ ಕಥೆ ಬರೆದುಕೊಡು, ಚಿಕ್ಕಸ್ವಾಮಿಯ ಫೋಟೋ ಹಾಕೋಣ ಅಂದರು. ಸ್ನೇಹ ಬರೆಯುವುದಿಲ್ಲ ಅಂದಳು. ಯಾಕೆ ಅಂದರು. ಅವರ ಅನುಮತಿ ಇಲ್ಲ ಅಂದಳು. ಕೇಳಿ ನೋಡು ಅಂದರು. ಕೇಳುವುದಿಲ್ಲ ಅಂದಳು.

ಈಗ ಎರಡು ವರ್ಷವಾಗಿದೆ. ಸ್ನೇಹ ಅದೇ ಕೆಲಸದಲ್ಲಿದ್ದಾಳೆ, ಗುಂಪುಗಳನ್ನು ಅವಳೇ ನಡೆಸುತ್ತಾಳೆ. ನಾಗಮಂಗಲದ ಗುಂಪು ಒಂದು ವರ್ಷದಿಂದ ಎರಡನೇ ಮೆಟ್ಟಿಲಲ್ಲೇ ಇದೆ, ವರದಿಯಲ್ಲಿ ಹಾಗೇ ಬರೆಯುತ್ತಾಳೆ. ಆದಿಚುಂಚನಗಿರಿ ಕಡೆಯಿಂದ ಬರುವ ಸೋಮಯ್ಯ ಅನ್ನುವವರು ಸೇರಿದಾಗಿನಿಂದ ಒಂದು ಮಾತೂ ಆಡಿಲ್ಲ, ಬಂದು ಹಗ್ಗ ಹೊಸೆದು ಹೋಗುತ್ತಾರೆ. ಗುಂಪಿನಲ್ಲಿ ಅವರನ್ನು ಅವಳು ಏನೂ ಕೇಳಿಲ್ಲ. ಕೇಳಬೇಕಾದ್ದನ್ನು ಅವರ ಮನೆಗೆ ಹೋಗಿ, ಅವರೊಬ್ಬರೇ ಇದ್ದಾಗ, ನಿಧಾನಕ್ಕೆ ಕೇಳುತ್ತಿದ್ದಾಳೆ.

ಕಳೆದ ತಿಂಗಳು ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಚಿಕ್ಕಸ್ವಾಮಿ ಸಿಕ್ಕರು. ಯಾವುದೋ ಬೀಗರೂಟಕ್ಕೆ ಹೊರಟಿದ್ದರು. ತಿರುವುವುದಕ್ಕೆ ಬೇರೆಯವರಿದ್ದಾರೆ, ಉಪ್ಪು ಖಾರ ನೋಡುವುದು ಅವರು. ಜೊತೆಯಲ್ಲಿ ಊರಿನವರು ಒಬ್ಬರಿದ್ದರು. ಅವರಿಗೆ ಚಿಕ್ಕಸ್ವಾಮಿ ಸ್ನೇಹಳನ್ನು ತೋರಿಸಿ, "ಇವ್ರೇ ಕಣಪ್ಪ ನಮ್ ಡಾಕ್ಟ್ರಮ್ಮ. ನನ್ನ ಎಬ್ಸಿ ಕೂರ್ಸಿದ್ದು ಇವ್ರೇ" ಅಂದರು.

ಸ್ನೇಹ ಚೀಲದ ಪಟ್ಟಿ ಹಿಡಿದುಕೊಂಡು ನೆಲ ನೋಡಿದಳು. ಅದು ನಿಜವಲ್ಲ ಅಂತ ಹೇಳಲು ಅವಳಿಗೆ ಹಕ್ಕಿರಲಿಲ್ಲ, ನಿಜ ಅಂತ ಒಪ್ಪಲು ಮುಖವಿರಲಿಲ್ಲ.

"ಊಟ ಆಯ್ತಾ ಮಗ?" ಅಂತ ಕೇಳಿದರು ಚಿಕ್ಕಸ್ವಾಮಿ.

"ಆಯ್ತು ಅಣ್ಣ," ಅಂದಳು. ಆಗಿರಲಿಲ್ಲ. ಕೆ.ಆರ್. ಪೇಟೆ ಬಸ್ಸು ಬಂತು, ಹತ್ತಿದಳು.